ಅಟ್ಟಕ್ಕೆ ಇಟ್ಟ ನಿಚ್ಚಣಿಕೆ

ಅದು ಶುರುವಾದದ್ದು ಎಪ್ಪತ್ತೈದನೆಯ ಇಸವಿಯ ಬನ್ನಿ ಹಬ್ಬದ ಸಂಜೆ, ದೀಪ ಹಚ್ಚುವ ಹೊತ್ತಿಗೆ. ಆ ವರ್ಷ ಮಳೆ ಹದವಾಗಿ ಆಗಿತ್ತು. ನಮ್ಮ ಊರು ಮಸೂತಿಯ ಕರಿಹೊಲಗಳಲ್ಲಿ ಬಿಳಿಜೋಳದ ಬಿತ್ತಿಗೆ ಅರ್ಧ ಮುಗಿದಿತ್ತು, ಅರ್ಧ ಉಳಿದಿತ್ತು. ಊರ ಹೊರಗಿನ ಬನ್ನಿಗಿಡಕ್ಕೆ ಹೋಗಿಬಂದ ಗಂಡಸರು ಮನೆಮನೆಗೆ ಎಲೆ ಕೊಡುತ್ತ, ಬಂಗಾರದ ಹಾಗೆ ಇರೋಣ ಎನ್ನುತ್ತ ತಿರುಗಾಡುತ್ತಿದ್ದರು. ನಮ್ಮ ಮನೆಗೆ ಅವತ್ತು ಲಚ್ಯಾಣದಿಂದ ಬೀಗರು ಬಂದಿದ್ದರು.

ಮನೆ ನನ್ನ ತಮ್ಮ ಶಂಕರೆಪ್ಪನದು. ನಾನು ಅವನ ಅಕ್ಕ ಚನ್ನವ್ವ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಅಲ್ಲಿಯೇ ಉಳಿದವಳು. ಶಂಕರೆಪ್ಪನ ಹೆಂಡತಿ ತೀರಿಹೋಗಿ ಆಗಲೇ ಏಳು ವರ್ಷವಾಗಿತ್ತು. ಇಬ್ಬರು ಗಂಡುಮಕ್ಕಳು. ಹಿರಿಯವನು ರಾಚಪ್ಪ ಒಕ್ಕಲುತನ ನೋಡುತ್ತಿದ್ದ. ಅವನ ಹೆಂಡತಿ ಹೊನ್ನವ್ವ ಸಿಂದಗಿ ಕಡೆಯವಳು, ಎತ್ತರದ ಆಳು, ನಮ್ಮ ಮನೆಗೆ ಸೊಸೆಯಾಗಿ ನಡೆಯಲು ಬಂದು ಹದಿಮೂರು ವರ್ಷ, ಇಬ್ಬರು ಹೆಣ್ಣುಮಕ್ಕಳ ತಾಯಿ. ಕಿರಿಯವನು ಗುರಪ್ಪ ಮುದ್ದೇಬಿಹಾಳದ ಮಾರ್ಕೆಟ್ಟಿನಲ್ಲಿ ಅಡತಿ ಅಂಗಡಿಯೊಂದರ ಗುಮಾಸ್ತ. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಿದ್ದ. ಅವನ ಮದುವೆ ಅದೇ ಬೇಸಿಗೆಯಲ್ಲಿ ಆಗಿತ್ತು. ಹುಡುಗಿ ರುಕ್ಮವ್ವ ಲಚ್ಯಾಣದವಳು, ಏಳನೆಯ ಇಯತ್ತೆ ಓದಿದವಳು, ನಿಂತರೆ ಹೊನ್ನವ್ವನ ಭುಜಕ್ಕೆ ಬರುತ್ತಿದ್ದಳು.

ನಮ್ಮದು ದೊಡ್ಡ ಮನೆಯೇ, ಆದರೆ ಅದರಲ್ಲಿ ಕೋಣೆ ಅಂತ ಇರಲಿಲ್ಲ. ಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅದಕ್ಕೆ ಹತ್ತಿಕೊಂಡು ಪಡಸಾಲೆ, ಹಿಂದೆ ಅಡುಗೆಮನೆ. ದನದ ಜಾಗದ ಮೇಲೆ ತೊಲೆಗಳಿಗೆ ಹಲಗೆ ಹಾಸಿದ ಅಟ್ಟ. ಕುಳ್ಳು, ಹೊಟ್ಟು, ಮುರಿದ ಬುಟ್ಟಿ ಒಗೆಯುವುದು ಅಲ್ಲಿ. ಅದಕ್ಕೆ ಏರಬೇಕಾದರೆ ದನಗಳ ಮೇವಿನ ಗೋದಲಿಯ ಮೇಲೆ ಕಾಲಿಟ್ಟು, ತೊಲೆಗೆ ಇಳಿಬಿಟ್ಟ ಹಗ್ಗ ಹಿಡಿದು ಜಗ್ಗಿಕೊಳ್ಳಬೇಕು. ಹಾಗೆ ಏರುತ್ತಿದ್ದವಳು ಹೊನ್ನವ್ವ ಒಬ್ಬಳೇ. ಗಂಡಸರು ಪಡಸಾಲೆಯಲ್ಲಿ ಮಲಗುವುದು, ಹೆಂಗಸರು ಮಕ್ಕಳು ಅಡುಗೆಮನೆಯಲ್ಲಿ. ರಾಚಪ್ಪ, ಹೊನ್ನವ್ವ ಗಂಡಹೆಂಡತಿಯಾಗಿ ನಾಲ್ಕು ಮಾತು ಆಡಿದ್ದೆಲ್ಲ ಹೊಲದ ಹಾದಿಯಲ್ಲಿಯೇ.

ಅವತ್ತು ಹೋಳಿಗೆ ಊಟಕ್ಕೆ ಕೂತಾಗ ರುಕ್ಮವ್ವನ ತಂದೆ ತಲೆ ಎತ್ತಿ ಮನೆಯ ತೊಲೆಗಳನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು: "ಬೀಗರ, ನಮ್ಮ ಹುಡುಗಿ ಮಲಗೂದ ಎಲ್ಲಿರಿ?"

ಶಂಕರೆಪ್ಪ ಮೇಲೆ ಕೈ ಮಾಡಿ ಹೇಳಿದ: "ಅಟ್ಟ ತಯಾರ ಮಾಡಾಕತ್ತೇವ್ರಿ. ನಿಚ್ಚಣಕಿ ಹಚ್ಚಿ, ಕಟಾಂಜನ ಕಟ್ಟಿದ್ರ ಒಂದ ಖೋಲಿ ಆದಂಗ ಆತಲ್ರಿ. ದೀಪಾವಳಿ ಒಳಗ ಮುಗೀತೈತಿ."

ಈ ಮಾತನ್ನು ನಾವೆಲ್ಲ ಕೇಳಿದ್ದು ಅದೇ ಮೊದಲು. ತುಪ್ಪ ಬಡಿಸುತ್ತಿದ್ದವಳು ಹೊನ್ನವ್ವ. ಅವಳು ಬೀಗರ ತಟ್ಟೆಗೆ ಎರಡು ಸಲ ತುಪ್ಪ ಹಾಕಿ, ತನ್ನ ಗಂಡನ ತಟ್ಟೆ ದಾಟಿ ಮುಂದೆ ಹೋದಳು.

ಮರುದಿನ ಬಡಿಗೇರನ ಮನೆಗೆ ಹೋದರೆ, ಅವನ ಅಂಗಳದ ತುಂಬ ಊರವರ ಕೂರಿಗೆಗಳು ಬಿದ್ದಿದ್ದವು. ಬಿತ್ತಿಗೆ ಮುಗಿಯುವವರೆಗೆ ಮನೆಗೆಲಸ ಮುಟ್ಟುವುದಿಲ್ಲ ಎಂದು ಹೇಳಿ ಕಳಿಸಿದ. ರಾಚಪ್ಪನಿಗೆ ಬಾಚಿ, ಉಳಿ, ಬೈರಿಗೆ ಕೈಗೆ ಹತ್ತುತ್ತಿದ್ದವು. ಹೋದ ವರ್ಷ ಬದುವಿನ ಬೇವು ಕಡಿದು ಹಾಕಿದ್ದು ಹಿತ್ತಲಲ್ಲಿ ಒಣಗಿ ಬಿದ್ದಿತ್ತು. ತಾನೇ ಮಾಡುತ್ತೇನೆ ಎಂದು ಅಪ್ಪನಿಗೆ ಹೇಳಿದ. ಬಾಗೇವಾಡಿಗೆ ಗಾಡಿ ಹೂಡಿಕೊಂಡು ಹೋಗಿ ಬಂದಗಿಸಾಬನ ಕಟ್ಟಿಗೆ ಅಡ್ಡೆಯಿಂದ, ಅಂಚಿಗೆ ತಡೆಯಾಗಿ ಕಟ್ಟುವ ಕಟಾಂಜನಕ್ಕೆ ಬಿದಿರು ತಂದ. ಒಂದೊಂದನ್ನೂ ಬೆರಳಿನಿಂದ ಬಡಿದು, ಸಪ್ಪಳ ಕೇಳಿ ಆರಿಸಿದ್ದನಂತೆ.

ಅಟ್ಟ ಖಾಲಿ ಮಾಡುವ ಕೆಲಸ ಹೊನ್ನವ್ವನಿಗೆ ಬಂತು. ರುಕ್ಮವ್ವ ಸೆರಗು ಸಿಕ್ಕಿಸಿಕೊಂಡು ಸಹಾಯಕ್ಕೆ ಬಂದಳು. ಪಡಸಾಲೆಯಲ್ಲಿ ಕೂತಿದ್ದ ಶಂಕರೆಪ್ಪ, ಧೂಳು ಬಹಳ ಇದೆ, ನೀನು ಒಳಗೆ ಇರು ತಾಯಿ ಎಂದ.

"ನಾ ಧೂಳಿನ ಹಳೇ ಗೆಳತಿರಿ ಮಾವಾರ," ಎಂದಳು ಹೊನ್ನವ್ವ ಮೇಲಿನಿಂದ. "ನನಗ ಅದು ಏನೂ ಮಾಡಂಗಿಲ್ಲ."

ಎರಡು ದಿನ ಕುಳ್ಳು ಇಳಿಸಿದಳು. ಇಲಿ ಕಡಿದ ಚೀಲ, ತೀರಿಹೋದ ಅತ್ತೆಯ ಕಾಲದ ತೊಟ್ಟಿಲ ಹಗ್ಗ, ಒಡೆದ ಮಣ್ಣಿನ ಹರಿವಿ ಎಲ್ಲ ಇಳಿಸಿದಳು. ಸಂಜೆ ಇಳಿದು ಬಂದಾಗ ತಲೆಯಿಂದ ಕಾಲಿನವರೆಗೆ ಬೂದಿಯ ಬಣ್ಣ. ಅವಳ ಮಕ್ಕಳೇ ನೋಡಿ ನಕ್ಕವು. ಮೈ ತೊಳೆದುಕೊಳ್ಳದೆ ಸೀದಾ ಒಲೆಯ ಮುಂದೆ ಕೂತಳು.

ರೊಟ್ಟಿ ಹಿಟ್ಟು ನಾದುವ ಕಟ್ಟಿಗೆಯ ಕೊಣಮಿಗೆ ನಮ್ಮ ಮನೆಯಲ್ಲಿ ಸೀಳಿತ್ತು. ನೀರು ಹಾಕಿದರೆ ಸೀಳಿನಿಂದ ಜಿನುಗಿ ನೆಲದ ಮೇಲೆ ಬಿಳಿ ಗೆರೆ ಬೀಳುತ್ತಿತ್ತು. ಹಿತ್ತಲಿನಲ್ಲಿ ರಾಚಪ್ಪ ಬಾಚಿಯಿಂದ ಬೇವು ಕೆತ್ತುವ ಸಪ್ಪಳ ಶುರುವಾದಾಗ ಅವಳು ಆ ಗೆರೆಯನ್ನು ಅಂಗೈಯಿಂದ ಒರಸಿ ನನಗೆ ತೋರಿಸಿದಳು.

"ಅತ್ತಿ, ನೋಡ್ರಿ ಇದನ್ನ. ಮೂರ ವರ್ಸ ಆತು. ಒಂದ ಪಟ್ಟಿ ಬಡದ ಕೊಡ್ರಿ ಅಂದ್ರ ಪುರಸೊತ್ತ ಇಲ್ಲ ಅಂತಾರ. ಈಗ ಪುರಸೊತ್ತ ಎಲ್ಲಿಂದ ಬಂತು?"

"ಬಿತ್ತಗಿ ಮುಗಿಯಾಕ ಬಂತಲ್ಲವಾ."

"ಬಿತ್ತಗಿ ವರ್ಸಾ ವರ್ಸಾ ಮುಗೀತೈತ್ರಿ," ಎಂದು ಅವಳು ರೊಟ್ಟಿ ಬಡಿಯತೊಡಗಿದಳು. ಆ ಬಡಿತ ಹಿತ್ತಲಿನವರೆಗೆ ಕೇಳುತ್ತಿತ್ತು.

ರಾಚಪ್ಪ ಮಧ್ಯಾಹ್ನದವರೆಗೆ ಹೊಲ, ಹೊತ್ತು ಇಳಿದ ಮೇಲೆ ದೀಪದ ಹೊತ್ತಿನವರೆಗೆ ಕಟ್ಟಿಗೆ. ಮೊದಲು ಕಟಾಂಜನ ಕಟ್ಟಲು ಹಿಡಿದ. ಅಟ್ಟದ ತೆರೆದ ಅಂಚಿಗೆ ಗೂಟ ನಿಲ್ಲಿಸಿ, ಎತ್ತರ ಎಷ್ಟಿರಬೇಕು ಅಂತ ತಿಳಿಯದೆ ಸ್ವಲ್ಪ ಹೊತ್ತು ಕೂತಿದ್ದ. ಆಮೇಲೆ ಕೆಳಗೆ ಬಗ್ಗಿ ಕರೆದ: "ಹೊನ್ನಿ, ಒಂದ ಗಳಿಗಿ ಮ್ಯಾಲ ಬಾ."

ಹೆಂಡತಿಯನ್ನು ಹೆಸರು ಹಿಡಿದು ಅವನು ಕರೆದದ್ದನ್ನು ನಾನು ಕೇಳಿದ್ದು ಅವತ್ತೇ. ಹೊನ್ನವ್ವ ಕೈಯ ಹಿಟ್ಟನ್ನೂ ತೊಳೆದುಕೊಳ್ಳದೆ ಹಗ್ಗ ಹಿಡಿದು ಏರಿದಳು. ಅವನು ಅವಳನ್ನು ಅಂಚಿಗೆ ನಿಲ್ಲಿಸಿ, ನೆಟ್ಟಗೆ ನಿಲ್ಲು, ಕೈ ಬಿಡು, ಈಗ ಬಗ್ಗಿ ಕೆಳಗೆ ನೋಡು, ಅಂಜಿಕೆ ಆಗುತ್ತದೇನು ಎಂದೆಲ್ಲ ಕೇಳಿದ. ಅವಳ ಸೊಂಟದ ನೇರಕ್ಕೆ ಗೂಟಕ್ಕೆ ಇದ್ದಲಿಯಿಂದ ಗೆರೆ ಎಳೆದ. ಜೋಳ ಹಸನು ಮಾಡುತ್ತ ಕೂತಿದ್ದ ನನ್ನನ್ನು ನೋಡಿ ಅವಳು ಮೇಲಿನಿಂದ ನಕ್ಕಳು, ಎತ್ತಿನ ಬೆನ್ನು ಇಲ್ಲಿಂದ ಎಷ್ಟು ಅಗಲ ಕಾಣುತ್ತದೆ ಅಂದಳು.

ಅವತ್ತು ಸಂಜೆ ಬದನೆಕಾಯಿ ಎಣಗಾಯಿ ಮಾಡಿದಳು, ಎಣ್ಣೆ ಕೈಬಿಟ್ಟು ಹಾಕಿ. ರಾಚಪ್ಪನಿಗೆ ಅದು ಬಹಳ ಸೇರುತ್ತಿತ್ತು. ಅವನು ಮೂರನೆಯ ರೊಟ್ಟಿ ಮುರಿಯುತ್ತ ಅಪ್ಪನಿಗೆ ಹೇಳಿದ: "ಗೆರಿಗಿಂತ ಇನ್ನ ನಾಕ ಬೆರಳ ಎತ್ತರ ಮಾಡತೇನಿ. ಆಕಿ ಇನ್ನಾ ಸಣ್ಣಾಕಿ, ನಿದ್ದಿಗಣ್ಣಾಗ ಬಿದ್ದಾಳು."

ಹೊನ್ನವ್ವ ಇನ್ನೊಂದು ಸಲ ಬಡಿಸಲು ಬಂದವಳು ಸೌಟನ್ನು ಹಾಗೆಯೇ ಹಿಂದಕ್ಕೆ ತಂದಳು. ಬೋಗುಣಿಯಲ್ಲಿ ಉಳಿದಿದ್ದ ಎಣಗಾಯಿಯನ್ನೆಲ್ಲ ನನ್ನ ತಟ್ಟೆಗೆ ಸುರಿದಳು. ಇಷ್ಟು ಯಾರು ತಿನ್ನುತ್ತಾರೆ ಎಂದು ಕೇಳಿದರೆ, ತಿನ್ನದಿದ್ದರೆ ಎಮ್ಮೆಗೆ ಹಾಕಿರಿ ಅಂದಳು.

ನಮ್ಮ ಕಡೆ ನಿಚ್ಚಣಿಕೆಯನ್ನು ಏರುವವರ ಕಾಲಿನ ಅಳತೆಗೆ ಮಾಡುವುದು ರೂಢಿ. ನೆಲದಿಂದ ಮೊಣಕಾಲಿನವರೆಗೆ ದಾರ ಹಿಡಿದು ಗಂಟು ಹಾಕಬೇಕು. ಆ ಅಳತೆಯಲ್ಲಿ ನಾಲ್ಕು ಬೆರಳು ಬಿಟ್ಟು ಒಂದು ಮೆಟ್ಟಿಲಿಗೂ ಇನ್ನೊಂದಕ್ಕೂ ಅಂತರ ಇಡಬೇಕು. ಆದರೆ ತಮ್ಮನ ಹೆಂಡತಿ ಭಾವನ ಎದುರಿಗೆ ನಿಲ್ಲುವುದಿಲ್ಲ, ಭಾವ ಅವಳ ಮುಖ ಎತ್ತಿ ನೋಡುವುದಿಲ್ಲ. ಮದುವೆಯಾಗಿ ಆರು ತಿಂಗಳಾದರೂ ರುಕ್ಮವ್ವ ಎಷ್ಟು ಎತ್ತರ ಅಂತ ರಾಚಪ್ಪನಿಗೆ ಗೊತ್ತಿರಲಿಲ್ಲ ಅಂದರೆ ಈಗಿನವರು ನಂಬಲಿಕ್ಕಿಲ್ಲ. ಅವನು ಚೀಲ ಹೊಲಿಯುವ ಸುತಳಿಯ ತುಂಡೊಂದನ್ನು ಹೊನ್ನವ್ವನ ಕೈಗೆ ಕೊಟ್ಟು, ಆಕೆಯ ಅಳತೆ ತೆಗೆದುಕೊಂಡು ಬಾ ಅಂದ.

ನಾನು ಹಿತ್ತಲ ಬಾಗಿಲಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತಿದ್ದೆ. ರುಕ್ಮವ್ವ ಆಗ ಮನೆಯಲ್ಲಿ ಇರಲಿಲ್ಲ, ಬಾವಿಗೆ ಹೋಗಿದ್ದಳು. ಹೊನ್ನವ್ವ ಅಡುಗೆಮನೆಗೆ ಬಂದು ಬೀಸುವ ಕಲ್ಲಿನ ಮರೆಗೆ ನಿಂತು, ಸುತಳಿಯ ಒಂದು ತುದಿಯನ್ನು ತನ್ನ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ, ಸೀರೆ ಸ್ವಲ್ಪ ಎತ್ತಿ, ತನ್ನ ಮೊಣಕಾಲಿಗೆ ಹಿಡಿದು ಗಂಟು ಹಾಕಿದಳು. ಗಂಟು ಬಿಗಿಯಾಗಲಿ ಅಂತ ಹಲ್ಲಿನಿಂದ ಜಗ್ಗಿದಳು. ತಲೆ ಎತ್ತಿದಾಗ ನನ್ನನ್ನು ನೋಡಿದಳು. ನಾನು ಮೆಣಸಿನಕಾಯಿಯ ಬುಟ್ಟಿ ನೋಡಿದೆ.

"ಸರಿ ಹಿಡದೀ ಇಲ್ಲೋ?" ಎಂದು ರಾಚಪ್ಪ ಹೊರಗೆ ಕೇಳಿದ್ದು ಕೇಳಿಸಿತು.

"ನೆಲಕ್ಕ ಹಚ್ಚೇ ಹಿಡದೇನ್ರಿ."

ಎಂಟು ಮೆಟ್ಟಿಲು ಬೇಕಾಗುತ್ತವೆ ಅಂತ ಶಂಕರೆಪ್ಪ ಕಣ್ಣಳತೆಯಲ್ಲಿ ಹೇಳಿದ್ದ. ಏಳಕ್ಕೇ ಮುಗಿಯಿತು. ಅಪ್ಪ ಕೇಳಿದ್ದಕ್ಕೆ, ದಾರ ಹೇಳಿದ ಹಾಗೆ ಹಾಕಿದ್ದೇನೆ ಅಂದ ರಾಚಪ್ಪ. ಬೇವಿನ ಎರಡು ಕಾಲು, ಜಾಲಿಯ ಏಳು ಮೆಟ್ಟಿಲು, ಒಂದೊಂದು ಮೆಟ್ಟಿಲಿಗೂ ಎರಡೂ ಕಡೆ ಬೆಣೆ ಹೊಡೆದು ಕೂರಿಸಿದ್ದ. ಅಂಗೈ ಆಡಿಸಿದರೆ ಎಲ್ಲಿಯೂ ಸಿಬರು ಇರಲಿಲ್ಲ. ಸುತಳಿಯನ್ನು ಪಡಸಾಲೆಯ ಮೊಳೆಗೆ ಸುತ್ತಿ ಇಟ್ಟ.

ಶನಿವಾರ ಗುರಪ್ಪ ಬಂದ ಮೇಲೆ ನಿಚ್ಚಣಿಕೆಯ ಕೆಳಗಿನ ಮೆಟ್ಟಿಲಿಗೆ ಅರಿಷಿಣ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ರಾಚಪ್ಪ ಹೊರಗೆ ಹೋದ, ರುಕ್ಮವ್ವ ಏರಬೇಕಲ್ಲ. ಅವಳು ಒಂದು ಮೆಟ್ಟಿಲು ಏರಿದಳು, ಎರಡನೆಯದಕ್ಕೆ ಮೊಣಕಾಲು ಊರಿ ಮೈಯನ್ನು ಎಳೆದುಕೊಂಡಳು. ಸೀರೆ ಕಾಲಿಗೆ ಸುತ್ತಿತು. ಹೊನ್ನವ್ವನ ಮಕ್ಕಳು ಬಾಯಿಗೆ ಕೈ ಹಿಡಿದು ನಗುತ್ತಿದ್ದವು.

"ನಿಮ್ಮ ಲಚ್ಯಾಣದಾಗ ನಿಚ್ಚಣಕಿ ಇಲ್ಲೇನು?" ಎಂದ ಗುರಪ್ಪ.

"ಅದಾವ್ರಿ. ಮನಶ್ಯಾರು ಏರೂವು ಅದಾವು," ಎಂದಳು ಅವಳು ಉಸಿರು ಬಿಡುತ್ತ.

"ಹಿಂಗ ಏರೂದು," ಎಂದು ಹೊನ್ನವ್ವ ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು, ಒಂದೇ ಕೈ ಹಿಡಿದು ಸರಸರ ಏರಿ ನಿಂತಳು. ಒಂದು ಹನಿ ನೀರು ಚೆಲ್ಲಲಿಲ್ಲ. ಶಂಕರೆಪ್ಪ ಕೂಡ ಭೇಷ್ ಅಂದ.

ಗುರಪ್ಪ ಸೋಮವಾರ ಹೋದ ಮೇಲೆ ರುಕ್ಮವ್ವ ಅಟ್ಟದ ಮೇಲೆ ಒಬ್ಬಳೇ ಮಲಗತೊಡಗಿದಳು. ಬೆಳಿಗ್ಗೆ ಇಳಿಯುವಾಗ ಹೊಟ್ಟೆ ನಿಚ್ಚಣಿಕೆಗೆ ಒತ್ತಿ, ಕೆಳಗಿನ ಮೆಟ್ಟಿಲನ್ನು ಕಾಲಿನಿಂದ ತಡಕುತ್ತ ಇಳಿಯುವಳು. ಹೊನ್ನವ್ವ ಒಲೆಯ ಮುಂದಿನಿಂದ, ಮಹಾರಾಣಿಯವರ ಪಲ್ಲಕ್ಕಿ ಇನ್ನೂ ಇಳಿಯಲಿಲ್ಲವೇ ಎಂದು ಕೇಳುವಳು. ವಾರಕ್ಕೆ ಐದು ದಿನ ಒಬ್ಬಳೇ ಮಲಗುವವಳಿಗೆ ಇಷ್ಟು ಅಗಲದ ಅಟ್ಟ ಎಂದು ಹರಿವಾಣ ತಿಕ್ಕುವಾಗ ಹರಿವಾಣಕ್ಕೆ ಹೇಳುವಳು. ಒಂದು ಮಧ್ಯಾಹ್ನ ರುಕ್ಮವ್ವ ಬಟ್ಟೆ ಒಗೆಯಲು ಹೋದಾಗ ಹೊನ್ನವ್ವ ಅಟ್ಟದ ಮೇಲೆ ಕೂತಿದ್ದನ್ನು ನಾನು ನೋಡಿದೆ. ಹಾಸಿದ್ದ ಕೌದಿಯ ಸುಕ್ಕು ತೆಗೆದಳು. ಕಟಾಂಜನದ ಬಿದಿರನ್ನು ಈ ಕಡೆಯಿಂದ ಆ ಕಡೆಗೆ ಒಂದೊಂದಾಗಿ ಮುಟ್ಟುತ್ತ ಬಂದಳು. ಆಮೇಲೆ ಕೌದಿಯನ್ನು ಮೊದಲಿನ ಹಾಗೆ ಸುಕ್ಕು ಮಾಡಿ ಇಳಿದಳು.

ಆ ವಾರವೇ ರುಕ್ಮವ್ವ ನನ್ನ ಹತ್ತಿರ ಕೂತು ಬೇಳೆ ಆರಿಸುತ್ತ ಕೇಳಿದಳು: "ಅತ್ತಿ, ನಿಚ್ಚಣಕಿಗಿ ಅಳತಿ ತಗೋತಾರಂತಲ್ರಿ. ನಂದು ಯಾರೂ ತಗೊಳ್ಳಲಿಲ್ಲಲಾ?"

"ತಗೊಂಡಿರಬೇಕವಾ. ನಿನಗ ನೆನಪಿಲ್ಲ," ಎಂದೆ.

ಅವಳು ನನ್ನ ಮುಖ ನೋಡಿ ಮತ್ತೆ ಬೇಳೆ ಆರಿಸತೊಡಗಿದಳು. ಭಾವ ಇಷ್ಟು ದಿನ ಕಷ್ಟಪಟ್ಟು ಮಾಡಿದ್ದನ್ನು ಹೊಸದಾಗಿ ಬಂದ ಸೊಸೆ ಸರಿಯಿಲ್ಲ ಅಂತ ಹೇಗೆ ಹೇಳುವುದು.

ದೀಪಾವಳಿಯ ನೀರು ತುಂಬು​ವ ಹಬ್ಬ ಬಂತು. ಗುರಪ್ಪ ರಜೆ ಹಾಕಿ ಬಂದಿದ್ದ. ಮರುದಿನ ಬೆಳಗಾಗಿ ಬಿಸಿಲು ಬಾಗಿಲಿಗೆ ಬಂದಿತ್ತು, ಅವನು ಹಿತ್ತಲಲ್ಲಿ ಎಣ್ಣೆ ಹಚ್ಚಿಕೊಂಡು ನೀರಿಗೆ ಕೂತಿದ್ದ. ಆರತಿಗೆ ತಡವಾಯಿತು, ಹಾಸಿಗೆ ತೆಗೆದುಕೊಂಡು ಬೇಗ ಇಳಿ ಎಂದು ಹೊನ್ನವ್ವ ಎರಡು ಸಲ ಕೂಗಿದಳು. ರುಕ್ಮವ್ವ ಒಂದು ತೋಳಿನಲ್ಲಿ ಹಾಸಿಗೆ ತಬ್ಬಿಕೊಂಡು ಅವಸರದಲ್ಲಿ ಕಾಲು ಇಳಿಬಿಟ್ಟಳು. ಕಾಲು ಮೆಟ್ಟಿಲಿಗೆ ಮುಟ್ಟಲಿಲ್ಲ.

ಹಾಸಿಗೆ ಎತ್ತಿನ ಮೇಲೆ ಬಿತ್ತು. ಅವಳ ಒಂದು ಕಾಲು ಎರಡು ಮೆಟ್ಟಿಲಿನ ನಡುವೆ ತೂರಿ ಸಿಕ್ಕಿಕೊಂಡಿತು. ಒಂದು ಕೈಯಲ್ಲಿ ಕಟಾಂಜನದ ಗೂಟ ಹಿಡಿದು ಜೋತುಬಿದ್ದಳು. ಬಿದಿರು ಚಟ್ ಅಂದಿತು, ಮುರಿಯಲಿಲ್ಲ. ಕೆಳಗೆ ಎತ್ತು ಬೆದರಿ ಕೊಂಬು ಆಡಿಸುತ್ತಿತ್ತು. ಪಡಸಾಲೆಯಲ್ಲಿದ್ದ ರಾಚಪ್ಪ ಓಡಿಬಂದವನು ಎರಡು ಮಾರು ದೂರದಲ್ಲಿ ನಿಂತುಬಿಟ್ಟ. ಕೈ ಎರಡೂ ಮೇಲೆತ್ತಿದ್ದ, ಮುಂದೆ ಹೋಗಲು ಆಗುತ್ತಿರಲಿಲ್ಲ. ತಮ್ಮನ ಹೆಂಡತಿಯನ್ನು ಹೇಗೆ ಮುಟ್ಟುವುದು. ಅವನನ್ನು ದಾಟಿಕೊಂಡು ಹೊನ್ನವ್ವ ಏರಿದಳು. ನಾಲ್ಕೇ ಹೆಜ್ಜೆ. ರುಕ್ಮವ್ವನ ಸೊಂಟಕ್ಕೆ ತೋಳು ಹಾಕಿ, ಕಾಲು ಬಿಡಿಸಿ, ಮಗುವನ್ನು ಎತ್ತಿದ ಹಾಗೆ ಎತ್ತಿ ಇಳಿಸಿದಳು. ಅಷ್ಟು ಬೇಗ ಆ ನಿಚ್ಚಣಿಕೆಯನ್ನು ಮನೆಯಲ್ಲಿ ಬೇರೆ ಯಾರೂ ಏರಲಾರರು.

ರುಕ್ಮವ್ವನ ಕಾಲು ಮೊಣಕಾಲಿನಿಂದ ಹಿಮ್ಮಡದವರೆಗೆ ಸುಲಿದಿತ್ತು. ನಾನು ಅರಿಷಿಣ ಅರೆದು ಹಚ್ಚಿದೆ. ಹೊನ್ನವ್ವ ಗಾಳಿ ಹಾಕುತ್ತ ಕೂತಿದ್ದಳು. ಹೊರಗೆ ಶಂಕರೆಪ್ಪ ರಾಚಪ್ಪನ ಮೇಲೆ ಹರಿಹಾಯುತ್ತಿದ್ದ. ಮೆಟ್ಟಿಲಿನ ಅಂತರ ಕುದುರೆ ಏರುವ ಹಾಗೆ ಇದೆ, ಮಾಡಲು ಬರದಿದ್ದರೆ ಬಡಿಗೇರನಿಗೆ ಕಾಯಬೇಕಿತ್ತು, ಬೀಗರಿಗೆ ಏನು ಮುಖ ತೋರಿಸಲಿ ಎಂದೆಲ್ಲ ಅಂದ. ರಾಚಪ್ಪ ಮೊಳೆಯಿಂದ ಸುತಳಿ ಬಿಚ್ಚಿಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಮುಖ ಆ ಕಡೆ ಮಾಡಿ ಅದನ್ನು ಒಳಗೆ ಚಾಚಿದ.

"ಅತ್ತಿ, ನೀ ಹಿಡದ ನೋಡು. ದಾರದ್ದ ತಪ್ಪೋ, ನನ್ನ ಕೈದ ತಪ್ಪೋ."

ಗಾಳಿ ಹಾಕುವ ಕೈ ನಿಂತಿತು. ನಾನು ರುಕ್ಮವ್ವನನ್ನು ನಿಲ್ಲಿಸಿ ದಾರ ಹಿಡಿದೆ. ಗಂಟು ಅವಳ ಮೊಣಕಾಲಿಗಿಂತ ನಾಲ್ಕು ಬೆರಳು ಮೇಲೆ ಬಂತು. ನಾನು ಗಂಟನ್ನೇ ನೋಡುತ್ತಿದ್ದೆ. ರುಕ್ಮವ್ವ ನನ್ನ ಕಡೆ ತಿರುಗಿ, ಹೊಸ್ತಿಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ತಪ್ಪ ನಂದೈತ್ರಿ ಅತ್ತಿ. ಅಕ್ಕಾರು ದಾರ ಹಿಡದಾಗ ನೆಲ ಹಸಿ ಇತ್ತು. ನಾ ತುದಿಗಾಲ ಮ್ಯಾಲ ನಿಂತಿದ್ನಿ."

ರಾಚಪ್ಪ ಒಂದು ಗಳಿಗೆ ನಿಂತು ಹೊರಟುಹೋದ. ಹೊನ್ನವ್ವ ರುಕ್ಮವ್ವನನ್ನು ನೋಡಿದ ನೋಟ ನನಗೆ ಇಂದಿಗೂ ನೆನಪಿದೆ. ಉಪಕಾರ ಮಾಡಿದವರನ್ನು ಯಾರೂ ಹಾಗೆ ನೋಡುವುದಿಲ್ಲ.

ಎರಡು ದಿನ ಶಂಕರೆಪ್ಪ ಬಂದವರೆದುರಿಗೆಲ್ಲ ಕಿರಿಯ ಸೊಸೆಯ ಗುಣ ಹೇಳಿದ. ಪಾಡ್ಯದ ದಿನ ಇಬ್ಬರು ಗಂಡುಮಕ್ಕಳನ್ನು ಎಡಬಲಕ್ಕೆ ಕೂರಿಸಿಕೊಂಡು ಊಟ ಮಾಡುವಾಗ ಮತ್ತೆ ಅದನ್ನೇ ತೆಗೆದ.

"ಗುರ್ಯಾ, ನಿನ್ನ ಪುಣ್ಯ ದೊಡ್ಡದೈತಿ. ಕಾಲ ಸುಲದ್ರೂ ತಪ್ಪ ನಂದು ಅಂದ್ಲು. ಬ್ಯಾರೆದಾಕಿ ಆಗಿದ್ರ ಮಂದಿ ಮ್ಯಾಲ ಹಾಕತಿದ್ಲು."

ಹೊನ್ನವ್ವ ರೊಟ್ಟಿಯ ಬುಟ್ಟಿಯನ್ನು ನೆಲಕ್ಕಿಟ್ಟಳು.

"ಆಕಿ ಸುಳ್ಳ ಹೇಳ್ಯಾಳ್ರಿ ಮಾವಾರ. ಆಕಿ ತುದಿಗಾಲ ಮ್ಯಾಲ ನಿಂತಿಲ್ಲ, ನಾ ಆಕಿ ಕಾಲಿಗಿ ದಾರಾನ ಹಿಡದಿಲ್ಲ. ನನ್ನ ಮೊಣಕಾಲಿಗಿ ಹಿಡದ ಗಂಟ ಹಾಕೇನಿ."

ಗುರಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಬಾಗಿಲ ಮರೆಯಲ್ಲಿದ್ದ ರುಕ್ಮವ್ವ, ಬಿಡಿರಿ ಅಕ್ಕಾರ, ಆದದ್ದು ಆಯಿತು ಅಂದಳು. ಅದಕ್ಕೆ ಹೊನ್ನವ್ವ, ನಿನ್ನ ಒಳ್ಳೆಯತನ ನನ್ನ ಮೇಲೆ ಹೇರಬೇಡ, ಇನ್ನು ಅದೊಂದು ಉಳಿದಿತ್ತೇನು ಎಂದಳು.

ರಾಚಪ್ಪ ಅವಳ ಕಡೆ ನೋಡಿದ. "ಆಕಿ ಬಿದ್ದ ಸತ್ತಿದ್ರ?"

"ಬೀಳಲಿ ಅಂತ ಹಿಡದಿಲ್ರಿ. ಏರಬಾರದು ಅಂತ ಹಿಡದೇನಿ." ಅವಳ ದನಿ ಏರಲಿಲ್ಲ. "ಹದಿಮೂರ ವರ್ಸ ಆತು ನಾ ಬಂದು. ಒಂದ ಮೆಟ್ಟಲಾ ಬಡದಿಲ್ಲ ನೀವು ನನಗ."

"ನೀ ಯಾವತ್ತ ಕೇಳಿದಿ?"

"ಆಕಿ ಕೇಳಿದ್ಲೇನ್ರಿ?"

ರಾಚಪ್ಪ ತಟ್ಟೆಯಲ್ಲಿದ್ದ ರೊಟ್ಟಿಯನ್ನು ಎರಡಾಗಿ ಮುರಿದ.

"ನಾ ಕೊಣಮಿಗಿ ಕೇಳಿದ್ನಿ," ಎಂದಳು ಹೊನ್ನವ್ವ. "ಮೂರ ವರ್ಸ ಆತು. ಅದ ಆಗಲಿಲ್ಲ, ಅಟ್ಟ ಹ್ಯಾಂಗ ಕೇಳಲಿ?"

ರಾಚಪ್ಪ ಅರ್ಧ ರೊಟ್ಟಿ ತಟ್ಟೆಯಲ್ಲಿ ಬಿಟ್ಟು ಎದ್ದು ಕೈ ತೊಳೆದ. ಅಂದಿನಿಂದ ಮನೆಯಲ್ಲಿ ಒಬ್ಬರಿಗೊಬ್ಬರು ಉಪ್ಪು ಕೊಡು, ನೀರು ಕೊಡು ಎನ್ನುವಷ್ಟೇ ಮಾತು ಉಳಿಯಿತು.

ಗುರಪ್ಪ ಮುದ್ದೇಬಿಹಾಳಕ್ಕೆ ಹೋಗಿ ಮುಂದಿನ ಶನಿವಾರ ಬಂದಾಗ, ಶಮಶುದ್ದೀನನ ಚಾಳಿನಲ್ಲಿ ಒಂದು ಖೋಲಿ ಹಿಡಿದಿದ್ದೇನೆ, ಹುಣ್ಣಿಮೆ ಆದ ಮೇಲೆ ಆಕೆಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಅಪ್ಪನಿಗೆ ಹೇಳಿದ. ಶಂಕರೆಪ್ಪ ಬೇಡ ಎನ್ನಲಿಲ್ಲ. ಎರಡು ದಿನ ಸರಿಯಾಗಿ ಉಣ್ಣಲೂ ಇಲ್ಲ.

ಅಲ್ಲಿಯವರೆಗೆ ರುಕ್ಮವ್ವ ನಮ್ಮ ಜೊತೆ ಅಡುಗೆಮನೆಯಲ್ಲಿಯೇ ಮಲಗುತ್ತಿದ್ದಳು. ಮೆಟ್ಟಿಲು ಬಿಚ್ಚಿ ಆಕೆಯ ಅಳತೆಗೆ ಹಾಕಿಕೊಡುತ್ತೇನೆ ಎಂದು ರಾಚಪ್ಪ ನನ್ನ ಕೈಯಲ್ಲಿ ಹೇಳಿ ಕಳಿಸಿದ. ಅವಳು ನನ್ನ ಕೈಯಲ್ಲೇ ಉತ್ತರ ಕಳಿಸಿದಳು: "ಬ್ಯಾಡ ಅನ್ರಿ ಭಾವಗ. ಅದು ಯಾರ ಅಳತೀದು ಐತಿ, ಅವರ ಏರಲಿ."

ಶಂಕರೆಪ್ಪ ಅದನ್ನು ಕೇಳಿ, ಹಾಗಾದರೆ ಅಟ್ಟ ಹಿರಿಯವಳಿಗೇ ಇರಲಿ ಅಂದ. ಹೊನ್ನವ್ವ ತನ್ನ ಕೌದಿ, ದಿಂಬು ಒಯ್ದು ಅಟ್ಟದ ಮೇಲೆ ಹಾಸಿದಳು. ಇಬ್ಬರಿಗೆ ಹಾಸಿದ್ದಳು. ಸಂಜೆ ಊಟವಾದ ಮೇಲೆ ರಾಚಪ್ಪ ಎಂದಿನ ಹಾಗೆ ಪಡಸಾಲೆಯಲ್ಲಿ ಕಂಬಳಿ ಬಿಡಿಸಿದ. ಅವಳು ನಿಚ್ಚಣಿಕೆಯ ಬುಡದಲ್ಲಿ ನಿಂತು, ಮೇಲೆ ಹಾಸೇನಲ್ಲ ಅಂದಳು.

"ನನಗ ಪಡಸಾಲಿ ರೂಢಿ ಆಗೇತಿ," ಎಂದ ಅವನು. ಸಿಟ್ಟಿನಿಂದ ಅಂದದ್ದಲ್ಲ, ಇದ್ದದ್ದನ್ನು ಅಂದ.

ಮರುದಿನ ಅವಳು ಜೋಳ ಕೇರುತ್ತಿದ್ದ ನನ್ನ ಪಕ್ಕಕ್ಕೆ ಬಂದು ಕೂತು ಕೇಳಿದಳು: "ಅತ್ತಿ, ಆವತ್ತ ನೀವು ನೋಡಿದ್ರಿ. ಯಾಕ ಹೇಳಲಿಲ್ಲ?"

ಯಾರೂ ನನ್ನನ್ನು ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಮೂವತ್ತು ವರ್ಷದಿಂದ ನಾನು ಮಲಗುತ್ತಿದ್ದ ಮೂಲೆ ಎದುರಿಗೇ ಕಾಣುತ್ತಿತ್ತು, ಒಲೆಯ ಹೊಗೆಗೆ ಕಪ್ಪಾದ ಗೋಡೆ, ಅದಕ್ಕೆ ಆನಿಸಿಟ್ಟ ನನ್ನ ಚಾಪೆ.

"ನಾನೂ ಇದ ಮೂಲ್ಯಾಗ ಮಲಗಾಕಿ, ಹೊನ್ನವ್ವ," ಎಂದೆ.

ಅವಳು ನನ್ನ ಮೊರದಿಂದ ಒಂದು ಹರಳು ಆರಿಸಿ ಒಗೆದು ಎದ್ದುಹೋದಳು.

ಆ ದಿನಗಳಲ್ಲಿ ಹಿತ್ತಲಿನಲ್ಲಿ ಮತ್ತೆ ಬಾಚಿಯ ಸಪ್ಪಳ ಕೇಳುತ್ತಿತ್ತು. ಉಳಿದಿದ್ದ ಬೇವಿನ ಬೊಡ್ಡೆಯನ್ನು ರಾಚಪ್ಪ ಒಳಗಿನಿಂದ ಕೊರೆಯುತ್ತಿದ್ದ. ಹುಣ್ಣಿಮೆಯ ಹಿಂದಿನ ದಿನ ಹೊಸ ಕೊಣಮಿಗೆಯನ್ನು ತಂದು ಒಲೆಯ ಪಕ್ಕಕ್ಕಿಟ್ಟು ಹೋದ. ಒಂದು ಕಡೆ ಸ್ವಲ್ಪ ದಪ್ಪ, ಒಂದು ಕಡೆ ತೆಳುವು, ಆದರೆ ಗಟ್ಟಿ. ಹೊನ್ನವ್ವ ಅದನ್ನು ಬೋರಲು ಹಾಕಿ ಮೂಲೆಗೆ ಸರಿಸಿದಳು. ಸೀಳಿದ್ದರಲ್ಲೇ ಹಿಟ್ಟು ನಾದಿದಳು, ನೆಲದ ಮೇಲೆ ಬಿಳಿ ಗೆರೆ ಬಿತ್ತು.

ಗುರಪ್ಪ, ರುಕ್ಮವ್ವ ಹೊರಡುವ ದಿನ ಹೊನ್ನವ್ವ ಎಲ್ಲರಿಗಿಂತ ಮೊದಲು ಎದ್ದಿದ್ದಳು. ನಾನು ಎದ್ದು ನೋಡಿದರೆ ಹೊಸ ಕೊಣಮಿಗೆ ಅಂಗಾತ ಇಟ್ಟಿತ್ತು, ಅದರಲ್ಲಿ ಹಿಟ್ಟು ನಾದುತ್ತಿದ್ದಳು. ಹದಿನೈದು ಇಪ್ಪತ್ತು ರೊಟ್ಟಿ ಬಡಿದು, ಕಾಯಿಸಿ ಗರಿಗರಿ ಕಟಿ ಮಾಡಿದಳು, ಶೇಂಗಾ ಚಟ್ನಿ ಕುಟ್ಟಿದಳು, ಅರಿವೆಯಲ್ಲಿ ಕಟ್ಟಿ ಗಂಟನ್ನು ನನ್ನ ಕೈಗೆ ಕೊಟ್ಟಳು. ನೀನೇ ಕೊಡು ಅಂದೆ. ಅವಳು ಕೈ ತೊಳೆದುಕೊಂಡು ನಿಚ್ಚಣಿಕೆ ಏರಿ ಅಟ್ಟಕ್ಕೆ ಹೋದಳು.

ಬಾಗಿಲಲ್ಲಿ ಗಾಡಿ ನಿಂತಿತ್ತು. ಒಂದು ಟ್ರಂಕು, ಹಾಸಿಗೆಯ ಸುರುಳಿ, ಎರಡು ಕೊಡ, ಅರ್ಧ ಚೀಲ ಜೋಳ. ಬಸ್ ಸ್ಟ್ಯಾಂಡಿನವರೆಗೆ ರಾಚಪ್ಪನೇ ಗಾಡಿ ಹೊಡೆಯುವವನು, ನೊಗದ ಹತ್ತಿರ ನಿಂತಿದ್ದ. ರುಕ್ಮವ್ವ ಮಾವನ ಕಾಲಿಗೆ, ನನ್ನ ಕಾಲಿಗೆ ಬಿದ್ದಳು. ಆಮೇಲೆ ಕುಂಟುತ್ತ ದನದ ಜಾಗಕ್ಕೆ ಬಂದು ನಿಚ್ಚಣಿಕೆಯ ಕೆಳಗಿನ ಮೆಟ್ಟಿಲನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಮೇಲೆ ನೋಡಿದಳು.

"ಅಕ್ಕಾರ, ಹೋಗಿ ಬರ್ತೇನ್ರಿ."

ಹೊನ್ನವ್ವ ಕಟಾಂಜನದ ಹಿಂದೆ ನಿಂತಿದ್ದಳು. ಬಿದಿರು ಚಟ್ ಅಂದ ಜಾಗದಲ್ಲಿ ಅವಳ ಕೈ ಇತ್ತು. ಇಳಿಯುತ್ತಾಳೆ ಅಂದುಕೊಂಡೆ, ಇಳಿಯಲಿಲ್ಲ.

"ಮುದ್ದೇಬಿಹಾಳದ ಮನಿಗಿ ಅಟ್ಟ ಐತೇನು?" ಎಂದು ಕೇಳಿದಳು.

"ಇಲ್ರಿ ಅಕ್ಕಾರ. ಎಲ್ಲಿ ಅಟ್ಟ. ಒಂದ ಖೋಲಿ, ಒಂದ ಬಾಗಲಾ."

ಹೊನ್ನವ್ವ ಬಿದಿರಿನಿಂದ ಕೈ ತೆಗೆದಳು.

"ಬಾಗಲಾ ಐತಲಾ," ಎಂದಳು.

ರುಕ್ಮವ್ವ ತಲೆ ತಗ್ಗಿಸಿ ಹೊರಗೆ ಹೋಗಿ ಗಾಡಿ ಏರಿದಳು. ಗುರಪ್ಪನೂ ಅವಳೂ ನಮ್ಮ ಮನೆ ಬಿಟ್ಟು ಹೋದದ್ದು ಗೌರಿ ಹುಣ್ಣಿಮೆ ಕಳೆದ ಎರಡನೆಯ ದಿನ, ಗುರುವಾರ.